ಗ್ರಿಫನ್ ಕಟ್ಟುವ ಮುಂಚೆ ಒಂದು ದಿನ ಗೊತ್ತು ಮಾಡಿಕೊಳ್ಳಿ

ಮಿರಾಜ್ 2000 ಅನ್ನುವ ಫ್ರೆಂಚ್ ಯುದ್ಧವಿಮಾನದ ಪ್ಲಾಸ್ಟಿಕ್ ಮಾಡೆಲ್ ಕಟ್ಟುವವರಿಗೆ ಒಂದು ಅನುಕೂಲ ಇದೆ. ಆ ವಿಮಾನಗಳು ನೂರಾರು ತಯಾರಾಗಿವೆ. ಬಾಲದ ನಂಬರ್ ಬದಲಾಯಿಸಿದರೆ ಇನ್ನೊಂದು ವಿಮಾನ ಆಗುತ್ತದೆ. ಒಂದರ ಫೋಟೊ ಸಿಗದಿದ್ದರೆ ಪಕ್ಕದಲ್ಲಿ ನಿಂತದ್ದರ ಫೋಟೊ ಸಿಗುತ್ತದೆ. ಸೇವೆಗೆ ಸೇರದೆ ಹೋದ ಫ್ರೆಂಚ್ ಜೆಟ್‌ಗಳ ವಿಷಯದಲ್ಲಿ ಹೀಗೆ ನಡೆಯುವುದಿಲ್ಲ. ಕಟ್ಟಿದ್ದೇ ಒಂದು, ಜಾಸ್ತಿ ಅಂದ್ರೆ ಎರಡು ಮೂರು. ಆ ಒಂದು ವಿಮಾನವೂ ಇವತ್ತು ಇದ್ದ ಹಾಗೆ ಮುಂದಿನ ವರ್ಷ ಇರುತ್ತಿರಲಿಲ್ಲ. ಹಾಗಾಗಿ ನಾನು ಕಿಟ್ ಪೆಟ್ಟಿಗೆ ತೆರೆಯುವ ಮೊದಲೇ ಒಂದು ಕೆಲಸ ಮಾಡುತ್ತೇನೆ. ಯಾವ ದಿನದ ವಿಮಾನ ಕಟ್ಟುತ್ತಿದ್ದೇನೆ ಅಂತ ಕಾಗದದ ಮೇಲೆ ಬರೆದು ಮೇಜಿನ ಎದುರಿಗೆ ಅಂಟಿಸುತ್ತೇನೆ.

ಇದು ಯಾಕೆ ಮುಖ್ಯ ಅಂತ ಬಾಲ್ಜಾಕ್ ಅನ್ನುವ ವಿಮಾನ ನೋಡಿದರೆ ಗೊತ್ತಾಗುತ್ತದೆ. ಎಂಟು ಚಿಕ್ಕ ಲಿಫ್ಟ್ ಎಂಜಿನ್‌ಗಳ ಬಲದಿಂದ ನೆಲದಿಂದ ನೇರ ಮೇಲೇಳುವ ಈ ವಿಮಾನ 1962ರ ಅಕ್ಟೋಬರ್‌ನಲ್ಲಿ ಮೊದಲ ಸಲ ಎದ್ದಿತು. ಆದರೆ ಅದನ್ನು ಹೊಸದಾಗಿ ಕಟ್ಟಿರಲಿಲ್ಲ. 1956ರ ನವೆಂಬರ್‌ನಲ್ಲಿ ಹಾರಿದ ಮಿರಾಜ್ 3ರ ಮೊದಲ ಮೂಲಮಾದರಿಯನ್ನೇ ಬಿಚ್ಚಿ, ಹೊಟ್ಟೆ ಅಗಲ ಮಾಡಿ ಬಾಲ್ಜಾಕ್ ಮಾಡಿದ್ದರು. ಒಂದೇ ವಿಮಾನ, ಎರಡು ಜನ್ಮ. ಮಿರಾಜ್ ಜಿ8 ಇನ್ನೊಂದು ರೀತಿ. ರೆಕ್ಕೆ ಹಿಂದೆ ಮುಂದೆ ಸರಿಸುವ ಆ ವಿಮಾನಗಳು ಎರಡು. ಮೊದಲನೆಯದರಲ್ಲಿ ಇಬ್ಬರಿಗೆ ಜಾಗ, ಎರಡನೆಯದರಲ್ಲಿ ಒಬ್ಬರಿಗೆ. ಪೆಟ್ಟಿಗೆ ಮೇಲೆ ಸುಮ್ನೆ 'ಜಿ8' ಅಂತ ಇದ್ದರೆ ಒಳಗಿನ ಕ್ಯಾನೊಪಿ (ಪೈಲಟ್ ತಲೆ ಮೇಲಿನ ಗಾಜಿನ ಮುಚ್ಚಳ) ಯಾವುದಕ್ಕೆ ಸೇರಿದ್ದು ಅಂತ ನೋಡಿಯೇ ಕೈ ಹಾಕಬೇಕು.

ನಾನು ಮನಸ್ಸಿಟ್ಟು ಕಟ್ಟಿದ್ದು ನೋರ್ಡ್ 1500 ಗ್ರಿಫನ್ 2 ಅನ್ನುವ ಫ್ರೆಂಚ್ ಪ್ರಯೋಗದ ಜೆಟ್. ಅದಕ್ಕೆ ಬರೆದುಕೊಂಡ ದಿನ 1959ರ ಫೆಬ್ರವರಿ 24. ಆವತ್ತು ಪೈಲಟ್ ಆಂದ್ರೆ ಟ್ಯುರ್ಕಾ ಈ ವಿಮಾನದಲ್ಲಿ 100 ಕಿಲೋಮೀಟರ್ ಸುತ್ತನ್ನು ಗಂಟೆಗೆ 1643 ಕಿಲೋಮೀಟರ್ ವೇಗದಲ್ಲಿ ಮುಗಿಸಿ ವಿಶ್ವದಾಖಲೆ ಮಾಡಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಮ್ಯಾಕ್ 2.19, ಅಂದರೆ ಶಬ್ದದ ವೇಗದ 2.19 ಪಟ್ಟು, ಮುಟ್ಟಿದರು. ಹತ್ತು ವರ್ಷದ ಮೇಲೆ, 1969ರ ಮಾರ್ಚ್ 2ರಂದು, ಕಾನ್ಕಾರ್ಡ್ ವಿಮಾನವನ್ನು ಮೊದಲ ಸಲ ಹಾರಿಸಿದ್ದೂ ಇದೇ ಟ್ಯುರ್ಕಾ. ಇಂಥ ಮನುಷ್ಯ ಕೂತ ಕಾಕ್‌ಪಿಟ್ಟನ್ನು ಚೆನ್ನಾಗಿ ಮಾಡಬೇಕು ಅಂತ ನನಗೆ ಬಲವಾಗಿ ಅನ್ನಿಸಿತ್ತು.

ಗ್ರಿಫನ್ ಕೆಲಸ ಮಾಡುವ ರೀತಿ ಗೊತ್ತಿಲ್ಲದಿದ್ದರೆ ಮಾಡೆಲ್ ಸರಿ ಬರುವುದಿಲ್ಲ. ರ‍್ಯಾಮ್‌ಜೆಟ್ ಇದರ ಮುಖ್ಯ ಎಂಜಿನ್, ಅಂದರೆ ತಿರುಗುವ ಬ್ಲೇಡ್‌ಗಳಿಲ್ಲದ ಎಂಜಿನ್. ಮುಂದಿನಿಂದ ನುಗ್ಗುವ ಗಾಳಿ ತಾನೇ ಒತ್ತಡ ಕಟ್ಟಿಕೊಳ್ಳುತ್ತದೆ, ಅದರಲ್ಲಿ ಇಂಧನ ಉರಿಯುತ್ತದೆ. ಆದರೆ ವಿಮಾನ ನಿಂತಿದ್ದರೆ ಗಾಳಿ ನುಗ್ಗುವುದಿಲ್ಲ, ಎಂಜಿನ್ ಏನೂ ಮಾಡುವುದಿಲ್ಲ. ಅದಕ್ಕೇ ಗ್ರಿಫನ್ 2ರಲ್ಲಿ ದೊಡ್ಡ ಕೊಳವೆಯ ನಡುವೆ ಅಟಾರ್ ಅನ್ನುವ ಒಂದು ಟರ್ಬೊಜೆಟ್ (ಬ್ಲೇಡ್ ತಿರುಗುವ ಮಾಮೂಲಿ ಜೆಟ್ ಎಂಜಿನ್) ಕೂರಿಸಿದ್ದರು. ಮೇಲೇಳುವುದಕ್ಕೆ, ವೇಗ ಹಿಡಿಯುವುದಕ್ಕೆ ಅದು. ವೇಗ ಬಂದ ಮೇಲೆ ಅದರ ಸುತ್ತಲಿನ ಗಾಳಿಯಲ್ಲಿ ರ‍್ಯಾಮ್‌ಜೆಟ್ ಹೊತ್ತಿಕೊಳ್ಳುತ್ತಿತ್ತು. ಅಂದರೆ ಈ ವಿಮಾನ ಮೂಲದಲ್ಲಿ ಒಂದು ಕೊಳವೆ. ಅದಕ್ಕೆ ತ್ರಿಕೋನದ ರೆಕ್ಕೆ ಜೋಡಿಸಿದ್ದಾರೆ, ಮೇಲೆ ಮುಂದಕ್ಕೆ ಚಾಚಿದಂತೆ ಕಾಕ್‌ಪಿಟ್ ಇಟ್ಟಿದ್ದಾರೆ, ಅದರ ಎರಡು ಪಕ್ಕಕ್ಕೆ ಪುಟ್ಟ ಕನಾರ್ಡ್ ರೆಕ್ಕೆ. ನೋಡುವವರ ಕಣ್ಣು ಮೊದಲು ಹೋಗುವುದು ಕಾಕ್‌ಪಿಟ್ ಕೆಳಗಿನ ಆ ದೊಡ್ಡ ಬಾಯಿಗೆ.

ಕಿಟ್‌ನಲ್ಲಿ ಆ ಬಾಯಿ ಎರಡು ಬೆರಳು ಒಳಗೆ ಹೋಗುತ್ತಲೇ ಗೋಡೆಗೆ ಬಡಿಯುತ್ತಿತ್ತು. ಕಡಿಮೆ ಸಂಖ್ಯೆಯಲ್ಲಿ ಅಚ್ಚು ಹಾಕುವ ಕಿಟ್‌ಗಳು ಹೆಚ್ಚಾಗಿ ಹೀಗೇ. ಪ್ಲಾಸ್ಟಿಕ್ ದಪ್ಪ, ಭಾಗಗಳನ್ನು ಕೂರಿಸುವ ಗೂಟ ಇರುವುದಿಲ್ಲ, ಒಳಭಾಗ ಖಾಲಿ. ನಾನು ಇದನ್ನು ದೂರುವುದಿಲ್ಲ. ಒಂದೇ ಒಂದು ಹಾರಿದ ವಿಮಾನಕ್ಕೆ ಯಾರೋ ಅಚ್ಚು ಮಾಡಿದ್ದಾರಲ್ಲ, ಅದೇ ದೊಡ್ಡದು.

ಕೊಳವೆಯನ್ನು ನಾನು ಮಾಡಿದ್ದು ಹೀಗೆ. ಮೆಡಿಕಲ್ ಶಾಪ್‌ನಿಂದ ಬೇರೆ ಬೇರೆ ಅಳತೆಯ ಸಿರಿಂಜ್ ತಂದೆ. ಬಾಯಿಯ ಒಳ ಅಳತೆಗಿಂತ ಒಂದು ಕೂದಲಿನಷ್ಟು ಸಣ್ಣದಿರುವುದನ್ನು ಆರಿಸಿದೆ. ಸಿರಿಂಜನ್ನೇ ಕೊಳವೆಯಾಗಿ ಬಳಸಬಾರದು. ಅದು ಪಾಲಿಪ್ರಾಪಿಲೀನ್, ಮಾಡೆಲ್ ಗ್ಲೂ ಹಿಡಿಯುವುದಿಲ್ಲ, ಬಣ್ಣವೂ ಸಿಪ್ಪೆ ಥರ ಏಳುತ್ತದೆ. ಅದು ಬರೀ ಅಚ್ಚು. ತೆಳುವಾದ ಸ್ಟೈರೀನ್ ಪ್ಲಾಸ್ಟಿಕ್ ಶೀಟನ್ನು ಅದರ ಸುತ್ತ ಬಿಗಿಯಾಗಿ ಸುತ್ತಿ, ಮಾಸ್ಕಿಂಗ್ ಟೇಪ್ ಹಾಕಿ, ಆಗಷ್ಟೇ ಒಲೆಯಿಂದ ಇಳಿಸಿದ ಕುದಿನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟೆ. ಆಮೇಲೆ ತಣ್ಣೀರು. ಟೇಪ್ ಬಿಚ್ಚಿದರೆ ಶೀಟ್ ಆ ದುಂಡನ್ನೇ ಉಳಿಸಿಕೊಂಡಿರುತ್ತದೆ. ಅಂಚನ್ನು ಅಂಟಿಸಿ, ಜೋಡಿಸಿದ ಗೆರೆ ಮೇಲೆ ಬರುವ ಹಾಗೆ ತಿರುಗಿಸಿ ಕೂರಿಸಿದೆ. ಮೇಲಿನ ಗೆರೆಗೆ ಬೆಳಕು ತಾಗುವುದಿಲ್ಲ, ಕಣ್ಣಿಗೆ ಬೀಳುವುದಿಲ್ಲ. ಒಳಗೆ ಬಣ್ಣ ಹೊಡೆಯುವ ಕೆಲಸ ಕೊಳವೆ ಹೊರಗಿರುವಾಗಲೇ ಮುಗಿಸಬೇಕು. ಆಳದಲ್ಲಿ ಎಂಜಿನ್‌ನ ಮುಖ ಇಟ್ಟೆ. ಟಾರ್ಚ್ ಹಾಕಿ ಇಣುಕಿದರೆ ಕಾಣುತ್ತದೆ.

ಇದರಿಂದ ಇನ್ನೊಂದು ಲಾಭ ಆಯಿತು. ನಿಜವಾದ ಗ್ರಿಫನ್ 14.54 ಮೀಟರ್ ಉದ್ದ, ರೆಕ್ಕೆಯ ತುದಿಯಿಂದ ತುದಿಗೆ 8.1 ಮೀಟರ್. 1/72 ಅಳತೆಯ ಮಾಡೆಲ್ ಆದಾಗ ಅದು ಸುಮಾರು 20 ಸೆಂಟಿಮೀಟರ್ ಉದ್ದ, 11 ಸೆಂಟಿಮೀಟರ್ ಅಗಲ. ಭಾರ ಎಲ್ಲ ಹಿಂದೆ. ಮೂಗಿನಲ್ಲಿ ತೂಕ ಹಾಕದಿದ್ದರೆ ಬಾಲದ ಮೇಲೆ ಕೂತುಬಿಡುತ್ತದೆ. ಮೂಗಿನಲ್ಲಿ ಕಾಕ್‌ಪಿಟ್ ಇರುವುದರಿಂದ ಅಲ್ಲಿ ಜಾಗ ಇಲ್ಲ. ಆದರೆ ಹೊಸ ಕೊಳವೆಗೂ ಹೊರಗಿನ ಮೈಗೂ ನಡುವೆ ಸಂದು ಉಳಿಯುತ್ತದೆ. ಮೀನು ಹಿಡಿಯುವ ಗಾಳಕ್ಕೆ ಕಟ್ಟುವ ಸೀಸದ ಗುಂಡುಗಳನ್ನು ಚಪ್ಪಟೆ ಮಾಡಿ ಅಲ್ಲಿ ಸೇರಿಸಿ ಎಂ-ಸೀಲ್ ಒತ್ತಿದೆ. ಸೀಸ ಮುಟ್ಟಿದ ಮೇಲೆ ಕೈ ಚೆನ್ನಾಗಿ ತೊಳೆದುಕೊಳ್ಳಿ. ಎರಡು ಅರ್ಧ ಮುಚ್ಚುವ ಮೊದಲು ರೆಕ್ಕೆ, ಚಕ್ರ ಎಲ್ಲ ಟೇಪ್‌ನಲ್ಲಿ ಹಿಡಿಸಿ ನಿಲ್ಲಿಸಿ ನೋಡಿ. ಮುಚ್ಚಿದ ಮೇಲೆ ದಾರಿ ಇಲ್ಲ.

ಸಂದು ತುಂಬಲು ನನಗೆ ಫೆವಿಕ್ವಿಕ್ ಜೊತೆ ಟಾಲ್ಕಂ ಪೌಡರ್ ಕಲಸಿದ್ದೇ ಸಾಕು. ಗಟ್ಟಿಯಾದ ತಕ್ಷಣ ಉಜ್ಜಬೇಕು. ಮಾರನೇ ದಿನಕ್ಕೆ ಬಿಟ್ಟರೆ ಸುತ್ತಲಿನ ಪ್ಲಾಸ್ಟಿಕ್ಕಿಗಿಂತ ಅದೇ ಗಡುಸಾಗುತ್ತದೆ.

ಇನ್ನು ಲೋಹದ ಮೈ. ಹೊಳೆಯುವ ವಿಮಾನದಲ್ಲಿ ಒಂದು ಸಣ್ಣ ಗೀರೂ ಅಡಗುವುದಿಲ್ಲ. ಹೊಳಪು ಬರುವುದು ಬೆಳ್ಳಿ ಬಣ್ಣದಿಂದ ಅಲ್ಲ, ಅದರ ಕೆಳಗಿನ ಕಪ್ಪಿನಿಂದ. 2000 ನಂಬರ್‌ವರೆಗಿನ ವಾಟರ್ ಪೇಪರ್‌ನಲ್ಲಿ ನೀರು ಹಾಕಿ ಉಜ್ಜಿ, ಹೊಳೆಯುವ ಕಪ್ಪು ಹೊಡೆದು, ಅದು ಪೂರ್ತಿ ಒಣಗಿದ ಮೇಲೆ ಅಲ್ಯೂಮಿನಿಯಂ ಬಣ್ಣದ ಲ್ಯಾಕರ್ ಪೇಂಟ್ ಅನ್ನು ತೆಳ್ಳಗೆ ಹೊಡೆಯಬೇಕು. ವಿದೇಶದ ಲ್ಯಾಕರ್ ಬೆಂಕಿ ಹಿಡಿಯುವ ವಸ್ತು ಆದ್ದರಿಂದ ಅಂಚೆಯಲ್ಲಿ ತರಿಸುವುದು ಕಷ್ಟ. ನಾನು ಕಪ್ಪು ಬಣ್ಣವನ್ನೂ ಅದನ್ನು ತೆಳು ಮಾಡುವ ಎನ್‌ಸಿ ಥಿನ್ನರನ್ನೂ ಬೆಂಗಳೂರಿನ ಜೆ.ಸಿ. ರಸ್ತೆಯ ಕಾರ್ ಪೇಂಟ್ ಅಂಗಡಿಯಲ್ಲಿ ತರುತ್ತೇನೆ. ಈ ಥಿನ್ನರ್ ಬಿಸಿ ಸ್ವಭಾವದ್ದು. ಒಂದೇ ಸಲ ಒದ್ದೆಯಾಗುವಷ್ಟು ಹೊಡೆದರೆ ಪ್ಲಾಸ್ಟಿಕ್ ಕರಗುತ್ತದೆ. ಮೊದಲು ಪ್ರೈಮರ್, ಆಮೇಲೆ ಮಂಜಿನ ಹಾಗೆ ಒಂದರ ಮೇಲೊಂದು ಪದರ. ಮಾಸ್ಕ್ ಹಾಕಿಕೊಳ್ಳಿ, ಕಿಟಕಿ ತೆರೆದಿಡಿ. ಮಳೆಗಾಲದಲ್ಲಿ ಈ ಕೆಲಸ ಬೇಡವೇ ಬೇಡ. ಗಾಳಿಯ ತೇವಕ್ಕೆ ಲ್ಯಾಕರ್ ಬೆಳ್ಳಗೆ ಮಸುಕಾಗುತ್ತದೆ. ಫೆಬ್ರವರಿ, ಮಾರ್ಚ್ ಒಳ್ಳೆಯ ಕಾಲ.

ಇಡೀ ಮೈ ಒಂದೇ ಬೆಳ್ಳಿಯಾದರೆ ಆಟಿಕೆ ಥರ ಕಾಣುತ್ತದೆ. ನನ್ನ ದಿನಕ್ಕೆ ಹತ್ತಿರದ ಕಪ್ಪು ಬಿಳುಪು ಫೋಟೊಗಳನ್ನು ಇಟ್ಟುಕೊಂಡು ಯಾವ ತಗಡು ಗಾಢ, ಯಾವುದು ತಿಳಿ ಅಂತ ಗುರುತು ಹಾಕಿದೆ. ಆ ಕೆಲಸಕ್ಕೆ ಕಪ್ಪು ಬಿಳುಪು ಫೋಟೊ ಬಹಳ ಒಳ್ಳೆಯದು. ಬಣ್ಣ ತಿಳಿಯುವುದಕ್ಕೆ ಮಾತ್ರ ಅದನ್ನು ನಂಬಬಾರದು, ನೀಲಿ ಕೆಂಪು ಎರಡೂ ಹತ್ತಿರ ಹತ್ತಿರ ಒಂದೇ ಬೂದಿಯಾಗಿ ಕಾಣುತ್ತವೆ. ವಿಮಾನದ ಮೇಲಿನ ಫ್ರೆಂಚ್ ಗುರುತಿನ ವೃತ್ತದಲ್ಲಿ ನೀಲಿ ನಡುವೆ, ಕೆಂಪು ಹೊರಗೆ. ಬ್ರಿಟಿಷರದ್ದು ಇದಕ್ಕೆ ಉಲ್ಟಾ.

ಕೆಲಸದ ಮೇಲೆ ಪ್ಯಾರಿಸ್‌ಗೆ ಹೋದಾಗ ಲ ಬುರ್ಜೆ ವಿಮಾನ ಮ್ಯೂಸಿಯಂನಲ್ಲಿ ನಿಜವಾದ ಗ್ರಿಫನ್ 2 ನೋಡಿದೆ. ಚಕ್ರದ ಗೂಡು, ಕೊಳವೆಯ ಬಾಯಿಯ ಅಂಚು, ಎಂಜಿನ್ನಿನ ಬಿಸಿಗಾಳಿ ಹೊರಹೋಗುವ ಹಿಂದಿನ ನಾಳ, ಇವುಗಳ ಫೋಟೊ ತೆಗೆದುಕೊಂಡೆ. ಮ್ಯೂಸಿಯಂ ವಿಮಾನದಲ್ಲಿ ಆಕಾರವನ್ನು ನಂಬಿ. ಬಣ್ಣ, ಬರಹಕ್ಕೆ ಮಾತ್ರ ಹಾರುತ್ತಿದ್ದ ಕಾಲದ ಫೋಟೊವನ್ನೇ ನೋಡಿ. ಎದುರಿಗೆ ನಿಂತಾಗ ಅರ್ಥವಾಗುವುದು ಆ ಹಿಂದಿನ ನಾಳದ ಗಾತ್ರ. ಗ್ರಿಫನ್ ಇನ್ನೂ ವೇಗ ಹೋಗದಂತೆ ತಡೆದದ್ದು ಬಿಸಿ. ಜಾಸ್ತಿ ಕಾಯುವ ಜಾಗಗಳಲ್ಲಿ ಆ ಬಿಸಿ ತಡೆಯುವ ಲೋಹ ಅದರ ಮೈಯಲ್ಲಿ ಇರಲಿಲ್ಲ. ಅದಕ್ಕೇ ನಾಳವನ್ನು ನಾನು ಬಹಳ ನಿಧಾನವಾಗಿ ಮಾಡಿದೆ. ಗಾಢ ಉಕ್ಕಿನ ಬಣ್ಣದ ಮೇಲೆ ತಾಮಿಯಾ ಕಂಪನಿಯ ಪಾರದರ್ಶಕ ಬಣ್ಣಗಳನ್ನು ಏರ್‌ಬ್ರಷ್‌ನಲ್ಲಿ ನೀರಿನಷ್ಟು ತೆಳ್ಳಗೆ ಹೊಡೆದೆ. ಹಳೆಯ ಬುಲೆಟ್ ಬೈಕಿನ ಸೈಲೆನ್ಸರ್ ಬೆಂಡ್ ನೋಡಿದ್ದೀರಲ್ವಾ, ಮೊದಲು ಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ಕೊನೆಗೆ ನೀಲಿ. ಬಿಸಿ ಜಾಸ್ತಿ ಇರುವ ಕಡೆ ನೀಲಿ ಬರುತ್ತದೆ. ಈ ಸಾಲು ತಪ್ಪಿದರೆ ಕಣ್ಣು ಒಪ್ಪುವುದಿಲ್ಲ.

ಅಷ್ಟು ವೇಗದ ವಿಮಾನ ಸೇನೆಗೆ ಯಾಕೆ ಸೇರಲಿಲ್ಲ ಅಂತ ಮಾಡೆಲ್ ನೋಡಿದವರೆಲ್ಲ ಕೇಳುತ್ತಾರೆ. 1958ರ ಅಕ್ಟೋಬರ್‌ನಲ್ಲೇ ಮಿರಾಜ್ 3ಎ ಬರೀ ಟರ್ಬೊಜೆಟ್ ಇಟ್ಟುಕೊಂಡು ಮ್ಯಾಕ್ 2 ದಾಟಿತ್ತು. ಎರಡು ಬಗೆಯ ಎಂಜಿನ್ ಹೊತ್ತು ತಿರುಗುವ ಅಗತ್ಯ ಸೇನೆಗೆ ಉಳಿಯಲಿಲ್ಲ. ನನಗೆ ಇದು ಸೋಲು ಅಂತ ಅನ್ನಿಸುವುದಿಲ್ಲ. ಒಂದೇ ವಿಮಾನದಿಂದ ಅವರು ಕಲಿತದ್ದು ಬಹಳ.

ಇದೇ ಸಾಲಿನಲ್ಲಿ ಮಿರಾಜ್ 4000 ಕೂಡ ಕಟ್ಟಿದ್ದೇನೆ. 1979ರ ಮಾರ್ಚ್ 9ರಂದು ಹಾರಿದ, ಡಸ್ಸೊ ಕಂಪನಿ ತನ್ನ ದುಡ್ಡಿನಲ್ಲೇ ಮಾಡಿದ ಎರಡು ಎಂಜಿನ್‌ನ ದೊಡ್ಡ ವಿಮಾನ. ಕಟ್ಟಿದ್ದು ಒಂದೇ. ಅದಕ್ಕೆ ಶುರುವಿನಲ್ಲಿ ಬಿಳಿ, ನೀಲಿ, ಕೆಂಪು ಬಣ್ಣ. ಆಮೇಲಿನ ವರ್ಷಗಳಲ್ಲಿ ಮರಳುಗಾಡಿನ ಬಣ್ಣ. ಇಲ್ಲೂ ದಿನ ಗೊತ್ತು ಮಾಡದೆ ಬ್ರಷ್ ಎತ್ತುವ ಹಾಗಿಲ್ಲ. ನಾನು 1979 ಹಿಡಿದೆ, ಬಿಳಿ ಮೈಯೇ ಆಯಿತು. ಇದರ ಎಂಜಿನ್‌ಗಳು ಎಂ53, ನಮ್ಮ ವಾಯುಪಡೆಯ ಮಿರಾಜ್ 2000ದಲ್ಲಿ ಇರುವ ಮನೆತನದವೇ. ಹಾಗಾಗಿ ಯಲಹಂಕದ ಏರೋ ಇಂಡಿಯಾದಲ್ಲಿ ಮಿರಾಜ್ 2000ದ ಹಿಂಭಾಗದ ಫೋಟೊ ತೆಗೆದು, ಆ ನಾಳದ ಎಸಳುಗಳ ಬಣ್ಣವನ್ನು ಅದರಿಂದಲೇ ಕಲಿತೆ. ಫ್ರಾನ್ಸ್‌ನ ಒಂಟಿ ವಿಮಾನಕ್ಕೆ ಉತ್ತರ ಬೆಂಗಳೂರಿನಲ್ಲಿ ಸಿಕ್ಕಿತು!

ಈಗ ಮೇಜಿನ ಮೇಲೆ ಲದ್ಯುಕ್ 0.22 ಇದೆ. ಅದನ್ನು ರೂಪಿಸಿದ ರೆನೆ ಲದ್ಯುಕ್ ಅವರ ಮೊದಲಿನ ರ‍್ಯಾಮ್‌ಜೆಟ್‌ಗಳು ದೊಡ್ಡ ಪ್ರಯಾಣಿಕ ವಿಮಾನದ ಬೆನ್ನೇರಿ ಮೇಲೆ ಹೋಗಿ ಅಲ್ಲಿಂದ ಹಾರುತ್ತಿದ್ದವು. 0.22ಕ್ಕೆ ಒಳಗೆ ಅಟಾರ್ ಇಟ್ಟು, ತಾನೇ ನೆಲದಿಂದ ಏಳುವಂತೆ ಮಾಡಿದರು. ಪೈಲಟ್ ಕೂರುವುದು, ಅಲ್ಲ, ಒರಗಿ ಮಲಗುವುದು ಗಾಳಿ ನುಗ್ಗುವ ಬಾಯಿಯ ನಡುವಿನ ಗಾಜಿನ ಶಂಕುವಿನಲ್ಲಿ. ಕಿಟ್‌ನಲ್ಲಿ ಆ ಶಂಕುವಿನ ಪಾರದರ್ಶಕ ಪ್ಲಾಸ್ಟಿಕ್ ದಪ್ಪ, ಮಸುಕು. ಅದನ್ನು ನುಣ್ಣಗೆ ಉಜ್ಜಿ ಕಾರ್ ಪಾಲಿಶ್ ಹಾಕಿ ತಿಳಿ ಮಾಡುತ್ತಿದ್ದೇನೆ. ಚೌಕಟ್ಟಿನ ಗೆರೆಗಳಿಗೆ ಟೇಪನ್ನು ಬ್ಲೇಡ್‌ನಲ್ಲಿ ಎಳೆ ಎಳೆಯಾಗಿ ಕುಯ್ದು ಇಟ್ಟುಕೊಂಡಿದ್ದೇನೆ. ಎದುರಿಗಿನ ಕಾಗದದ ಮೇಲೆ ಬರೆದಿರುವುದು 1956ರ ಡಿಸೆಂಬರ್ 26, ಅದು ಮೊದಲ ಸಲ ಹಾರಿದ ದಿನ. ಗೋಡೆಯ ಮೇಲೆ ಅಂಟಿಸಿದ ಫೋಟೊಗಳಲ್ಲಿ ಅದಕ್ಕಿಂತ ಆಮೇಲಿನವನ್ನೆಲ್ಲ ತೆಗೆದು ಬೇರೆ ಕಡತಕ್ಕೆ ಹಾಕಿದ್ದೇನೆ.