ಕಾರ್ಖಾನೆ ಹೊಗೆಯ ಮೇಲೆ ದೂರು: ಮೊದಲು ಗಡಿಯಾರ ನೋಡಿ

ನಾನು ಬರೆದ ಮೊದಲ ದೂರು ಎರಡು ಪುಟ ಇತ್ತು. ‘ವಿಷಗಾಳಿಯಿಂದ ಇಡೀ ಊರು ನರಳುತ್ತಿದೆ’ ಅಂತ ಶುರುವಾಗಿ, ನಮ್ಮ ಮೊಮ್ಮಕ್ಕಳ ಗತಿ ಏನು ಎಂಬಲ್ಲಿಗೆ ಮುಗಿದಿತ್ತು. ಕೆಳಗೆ ಎಪ್ಪತ್ತು ಸಹಿ. ತನಿಖೆಗೆ ಅಧಿಕಾರಿ ಬಂದರು, ಬೆಳಿಗ್ಗೆ ಹನ್ನೊಂದೂವರೆಗೆ. ಚಿಮಣಿ ಮೇಲೆ ನೀಲಿ ಆಕಾಶ ಬಿಟ್ಟು ಏನೂ ಇರಲಿಲ್ಲ. ಹೊಗೆ ಬರುತ್ತಿದ್ದದ್ದು ರಾತ್ರಿ ಒಂದು ಗಂಟೆಯ ಮೇಲೆ. ಆ ಎರಡು ಪುಟದಲ್ಲಿ ನಾನು ಅದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಬರೆದಿದ್ದೆ.

ಆಮೇಲೆ ನಮ್ಮ ಬಳ್ಳಾರಿ, ಕೊಪ್ಪಳ ಕಡೆಯ ಹಳ್ಳಿಯವರು ತೋರಿಸಿದ ಇಂಥ ಅರ್ಜಿಗಳನ್ನು ಬೇಕಾದಷ್ಟು ಓದಿದ್ದೇನೆ. ಎಲ್ಲದರಲ್ಲೂ ಕಣ್ಣೀರು ಜಾಸ್ತಿ, ಗಂಟೆ ಇಲ್ಲ. ಅದಕ್ಕೇ ಈ ಲೇಖನ.

ಹಂತ 1: ಯಾವ ಕಾರ್ಖಾನೆ, ಯಾವ ಚಿಮಣಿ

ಊರಲ್ಲಿ ನಾವು ‘ಹಳೇ ಫ್ಯಾಕ್ಟರಿ’ ಅನ್ನುತ್ತೇವೆ. ಕಂಪನಿ ಎರಡು ಕೈ ಬದಲಾಗಿ ಕಾಗದದಲ್ಲಿ ಬೇರೆ ಹೆಸರಿರುತ್ತದೆ. ಗೇಟಿನ ಬೋರ್ಡ್ ನೋಡಿ ಹೆಸರು ಬರೆದುಕೊಳ್ಳಿ. ಒಂದಕ್ಕಿಂತ ಹೆಚ್ಚು ಚಿಮಣಿ ಇದ್ದರೆ ಕೈಯಲ್ಲೇ ಒಂದು ನಕ್ಷೆ ಗೀಚಿ, 1, 2, 3 ಅಂತ ನಂಬರ್ ಕೊಡಿ.

ಇಲ್ಲೇ ಒಂದು ಮಾತು. ಈಚೆಗೆ ಓದಿದ ಹುಡುಗರು ಬರೆದ ಅರ್ಜಿಗಳಲ್ಲಿ ‘ಇಂಗಾಲದ ಡೈಆಕ್ಸೈಡ್ ಬಿಡುತ್ತಿದ್ದಾರೆ, ಭೂಮಿ ಬಿಸಿಯಾಗುತ್ತಿದೆ’ ಅಂತ ಇರುತ್ತದೆ. ಮಾತು ಸುಳ್ಳಲ್ಲ, ಆದರೆ ಬಾಗಿಲು ತಪ್ಪು. 2009ರಲ್ಲಿ ದೇಶಕ್ಕೆಲ್ಲ ಹೊರಡಿಸಿದ ಗಾಳಿ ಗುಣಮಟ್ಟದ ಪಟ್ಟಿಯಲ್ಲಿ ಹನ್ನೆರಡು ವಸ್ತುಗಳಿವೆ. ಅದರಲ್ಲಿ ಇಂಗಾಲದ ಡೈಆಕ್ಸೈಡ್ ಇಲ್ಲ. ಭೂಮಿ ಬಿಸಿ ಮಾಡುವ ಇಂಥ ಹಸಿರುಮನೆ ಅನಿಲದ ಲೆಕ್ಕವನ್ನು ಕೇಂದ್ರ ಸರ್ಕಾರ ಬೇರೆ ದಾರಿಯಲ್ಲಿ ಹಿಡಿಯುತ್ತಿದೆ. 2023ರಲ್ಲಿ ಕಾರ್ಬನ್ ಕ್ರೆಡಿಟ್ ವ್ಯಾಪಾರದ ಯೋಜನೆ ಬಂತು. ಸಿಮೆಂಟ್, ಅಲ್ಯೂಮಿನಿಯಂನಂಥ ಉದ್ಯಮಗಳು ಒಂದು ಟನ್ ಸರಕಿಗೆ ಇಷ್ಟೇ ಅನಿಲ ಬಿಡಬೇಕು ಎಂಬ ಗುರಿ ಅದರಲ್ಲಿದೆ. ಅದು ವರ್ಷದ ಲೆಕ್ಕ. ರಾತ್ರಿ ನಿಮ್ಮ ಮಾಳಿಗೆ ಮೇಲೆ ಬೀಳುವ ಕರಿ ಪುಡಿಗೂ ಅದಕ್ಕೂ ಸಂಬಂಧ ಇಲ್ಲ. ಅರ್ಜಿಯಲ್ಲಿ ಹೊಗೆ, ಧೂಳು, ಬೂದಿ, ವಾಸನೆ ಅಂತಲೇ ಬರೆಯಿರಿ.

ಹಂತ 2: ಹದಿನೈದು ದಿನ ನೋಟ್‌ಬುಕ್

ಎಲ್ಲರೂ ಹಾರಿಸುವ ಹಂತ ಇದು. ಇದನ್ನು ಹಾರಿಸುವುದಾದರೆ ಉಳಿದದ್ದನ್ನು ಓದಬೇಡಿ.

ನೂರು ಪುಟದ ರೂಲ್ಡ್ ನೋಟ್‌ಬುಕ್, ಬಾಲ್ ಪೆನ್. ಬಿಡಿ ಹಾಳೆ ಬೇಡ, ಪೆನ್ಸಿಲ್ ಬೇಡ. ಪುಟಕ್ಕೆ ಆರು ಕಾಲಂ ಎಳೆಯಿರಿ: ತಾರೀಖು, ಶುರುವಾದ ಗಂಟೆ, ನಿಂತ ಗಂಟೆ, ಯಾವ ಚಿಮಣಿ, ಬಣ್ಣ, ಗಾಳಿ ಎತ್ತ ಕಡೆಯಿಂದ. ಹೊಗೆ ಬರದ ರಾತ್ರಿಯನ್ನೂ ಬರೆಯಿರಿ. ‘ದಿನಾ ಬರುತ್ತದೆ’ ಅಂದರೆ ಯಾರೂ ನಂಬುವುದಿಲ್ಲ. ‘ಹದಿನೈದರಲ್ಲಿ ಒಂಬತ್ತು ರಾತ್ರಿ, ಒಂಬತ್ತೂ ಸಲ ಒಂದರಿಂದ ನಾಲ್ಕರ ನಡುವೆ’ ಅಂದರೆ ಕುರ್ಚಿಯಲ್ಲಿ ಕೂತವರು ಮುಂದಕ್ಕೆ ಬಾಗುತ್ತಾರೆ.

ಬಿಳಿ ಹೊಗೆ ಕಂಡ ಕೂಡಲೇ ಓಡಬೇಡಿ, ಅದು ಆವಿ ಇರಬಹುದು. ಚಿಮಣಿಯ ಬಾಯಿ ನೋಡಿ. ಆವಿಯಾದರೆ ಬಾಯಿಯ ಮೇಲೆ ಸ್ವಲ್ಪ ಜಾಗ ಖಾಲಿ ಬಿಟ್ಟು ಬೆಳ್ಳಗಾಗುತ್ತದೆ, ಸ್ವಲ್ಪ ದೂರ ಹೋಗಿ ಕತ್ತರಿಸಿದ ಹಾಗೆ ಮಾಯವಾಗುತ್ತದೆ. ಹೊಗೆ ಬಾಯಿಯಿಂದಲೇ ಬಣ್ಣ ಹೊತ್ತು ಬರುತ್ತದೆ, ದೂರ ಹೋದಂತೆ ತೆಳುವಾಗುತ್ತದೆಯೇ ಹೊರತು ಕಡಿದು ಹೋಗುವುದಿಲ್ಲ. ಮಳೆಗಾಲದಲ್ಲಿ, ಚಳಿಯ ಮುಂಜಾವಿನಲ್ಲಿ ಆವಿಯೂ ಉದ್ದಕ್ಕೆ ಎಳೆಯುತ್ತದೆ. ಹಾಗಾಗಿ ಒಂದೇ ದಿನ ನೋಡಿ ತೀರ್ಮಾನ ಮಾಡಬೇಡಿ.

ಬಣ್ಣ ಹೇಳುವುದಕ್ಕೂ ಒಂದು ಲೆಕ್ಕ ಇದೆ. ರಿಂಗಲ್ಮನ್ ಎಂಬ ಫ್ರಾನ್ಸಿನ ಎಂಜಿನಿಯರ್ 19ನೇ ಶತಮಾನದ ಕೊನೆಯಲ್ಲಿ ಮಾಡಿಟ್ಟ ಚಾರ್ಟ್ ಅದು. ಸೊನ್ನೆ ಅಂದರೆ ಏನೂ ಇಲ್ಲ, ಐದು ಅಂದರೆ ಪೂರ್ತಿ ಕಪ್ಪು, ಒಂದೊಂದು ಮೆಟ್ಟಿಲಿಗೆ ಶೇ 20 ಕಪ್ಪು. ಚಾರ್ಟ್ ಇಲ್ಲದಿದ್ದರೂ ‘ಹೊಗೆಯ ಹಿಂದಿನ ಗುಡ್ಡ ಕಾಣುತ್ತಿರಲಿಲ್ಲ’ ಅಂತ ಬರೆದರೆ ಸಾಕು. ಹಗಲಲ್ಲಿ ಸೂರ್ಯ ನಿಮ್ಮ ಬೆನ್ನಿಗಿರಲಿ. ಬಿಸಿಲಿಗೆ ಎದುರಾಗಿ ನಿಂತರೆ ಸಾದಾ ಹೊಗೆಯೂ ಕಾಡಿಗೆಯಂತೆ ಕಾಣುತ್ತದೆ. ರಾತ್ರಿ ಕಾರ್ಖಾನೆಯ ದೀಪಗಳೇ ನಿಮ್ಮ ಚಾರ್ಟ್. ಯಾವ ದೀಪ ಮುಚ್ಚಿಹೋಯಿತು ಅಂತ ಬರೆಯಿರಿ.

ಸ್ಪಾಂಜ್ ಐರನ್ (ಅದಿರನ್ನು ಕರಗಿಸದೆ ಮಾಡುವ ಕಬ್ಬಿಣ) ಕಾರ್ಖಾನೆಯಾದರೆ ಇನ್ನೂ ಒಂದು ಕಣ್ಣು ಬೇಕು. ಅದಿರು, ಕಲ್ಲಿದ್ದಲು ಎರಡನ್ನೂ ಕಿಲ್ನ್ ಎಂಬ ತಿರುಗುವ ಕುಲುಮೆಯೊಳಗೆ ಕಾಯಿಸುತ್ತಾರೆ. ಬರುವ ಬಿಸಿ ಅನಿಲ ಒಂದು ಚೇಂಬರಿನಲ್ಲಿ ಉರಿದು, ತಣ್ಣಗಾಗಿ, ಇಎಸ್‌ಪಿ ಎಂಬ ಯಂತ್ರದೊಳಗೆ ಹಾದು ಚಿಮಣಿಗೆ ಹೋಗಬೇಕು. ಇಎಸ್‌ಪಿ ವಿದ್ಯುತ್ತಿನಿಂದ ಧೂಳನ್ನು ಎಳೆದುಕೊಳ್ಳುತ್ತದೆ. ಕರೆಂಟ್ ಖರ್ಚು ಅಲ್ಲೇ, ಕಳ್ಳಾಟಕ್ಕೆ ಆಸೆಯೂ ಅಲ್ಲೇ. ಆ ಚೇಂಬರಿನ ಮೇಲೆ ಒಂದು ತುರ್ತು ಮುಚ್ಚಳ ಇರುತ್ತದೆ, ಕ್ಯಾಪ್ ಅನ್ನುತ್ತಾರೆ. ಕರೆಂಟ್ ಹೋದರೆ ಅದು ತೆರೆದುಕೊಂಡು ಅನಿಲ ಸೋಸದೆ ನೇರ ಮೇಲಕ್ಕೆ ಹೋಗುತ್ತದೆ. ಅಪಘಾತ ಆಗದಿರಲಿ ಅಂತ ಮಾಡಿದ್ದು, ಸರಿಯೇ. ಆದರೆ ಹದಿನೈದು ದಿನದಲ್ಲಿ ಒಂಬತ್ತು ಸಲ ತುರ್ತು ಬರುತ್ತದಾ? ಅದಕ್ಕೇ ಹೊಗೆ ಕ್ಯಾಪಿನಿಂದಲೋ ಎತ್ತರದ ಚಿಮಣಿಯಿಂದಲೋ ನೋಡಿ ಬರೆಯಿರಿ. ಆ ಹೊತ್ತಿಗೆ ನಿಮ್ಮ ಮನೆಯಲ್ಲಿ ಕರೆಂಟ್ ಇತ್ತೋ ಇಲ್ಲವೋ ಅದನ್ನೂ ಬರೆಯಿರಿ. ಕಾರ್ಖಾನೆಯ ಲೈನ್ ಬೇರೆ ಇರಬಹುದು. ಆದರೂ ಬರೆದಿರಲಿ.

ಇನ್ನೊಂದು ಮೋಸ ಚಳಿಗಾಲದ್ದು. ಡಿಸೆಂಬರ್, ಜನವರಿಯ ರಾತ್ರಿ ನೆಲದ ಹತ್ತಿರದ ಗಾಳಿ ತಣ್ಣಗಾಗಿ ಕೂರುತ್ತದೆ, ಮೇಲಿನದು ಬೆಚ್ಚಗಿರುತ್ತದೆ. ಹೊಗೆ ಮೇಲೇಳದೆ ಊರ ಮೇಲೇ ಮಲಗುತ್ತದೆ. ಹಗಲು ಬಿಟ್ಟಷ್ಟೇ ಬಿಟ್ಟರೂ ಮೂಗಿಗೆ ದುಪ್ಪಟ್ಟು. ಆದ್ದರಿಂದ ನಿಮ್ಮ ಬೀದಿಯ ವಾಸನೆಗಿಂತ ಚಿಮಣಿಯ ಬಾಯಿಗೆ ಜಾಸ್ತಿ ಬೆಲೆ ಕೊಡಿ.

ಮಾಳಿಗೆ ಮೇಲೆ ಒಂದು ಸ್ಟೀಲ್ ತಟ್ಟೆ ಇಟ್ಟು, ಬೆಳಿಗ್ಗೆ ಪುಡಿಗೆ ಆಯಸ್ಕಾಂತ ಹಿಡಿಯುವವರು ಇದ್ದಾರೆ. ಮಾಡಿ, ಮಕ್ಕಳಿಗೂ ಖುಷಿ. ಆದರೆ ಪುಡಿ ಅಂಟಿದರೆ ಅದರಲ್ಲಿ ಕಬ್ಬಿಣ ಇದೆ ಅಂತ ಮಾತ್ರ ಗೊತ್ತಾಗುತ್ತದೆ, ಯಾರ ಕಬ್ಬಿಣ ಅಂತ ಅಲ್ಲ.

ಫೋಟೊ ಯಾವಾಗಲೂ ಒಂದೇ ಜಾಗದಿಂದ ತೆಗೆಯಿರಿ. ಚೌಕಟ್ಟಿನಲ್ಲಿ ನೀರಿನ ಟ್ಯಾಂಕೋ ಗುಡಿಯ ಗೋಪುರವೋ ಇರಲಿ. ಜೂಮ್ ಮಾಡಬೇಡಿ, ಬರೀ ಮಸಿ ಬಳಿದ ಹಾಗೆ ಬರುತ್ತದೆ. ವಾಟ್ಸಾಪ್‌ನಲ್ಲಿ ಸುಮ್ನೆ ಫೋಟೊ ಕಳಿಸಿದರೆ ಅದರೊಳಗಿನ ಸಮಯ, ಸ್ಥಳದ ವಿವರ ಅಳಿಸಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ, ಮೂಲ ಫೋಟೊ ಫೋನಿನಲ್ಲೇ ಇರಲಿ.

ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಗಾಳಿ ಮೀಟರ್ ಮಾತ್ರ ಕೊಳ್ಳಬೇಡಿ. ಅದು ಬೆಳಕು ಹಾಯಿಸಿ ಕಣ ಎಣಿಸುತ್ತದೆ. ಮಂಜಿನ ಹನಿಯೂ ಅದಕ್ಕೆ ಕಣವೇ. ಊದುಬತ್ತಿ ಹಚ್ಚಿದರೆ ಕೂಗಿಕೊಳ್ಳುತ್ತದೆ. ಮೊಬೈಲ್ ಆ್ಯಪ್ ತೋರಿಸುವ ಎಕ್ಯುಐ, ಅಂದರೆ ಗಾಳಿ ಗುಣಮಟ್ಟದ ಸೂಚ್ಯಂಕವೂ ಅಷ್ಟೆ. ನಿಜವಾದ ಅಳತೆ ಕೇಂದ್ರ ಎಷ್ಟೋ ಕಿಲೋಮೀಟರ್ ದೂರ ಇರುತ್ತದೆ, ನಿಮ್ಮ ಊರಿನ ನಂಬರ್ ಅಂದಾಜು. ಆ ದುಡ್ಡಿಗೆ ಒಳ್ಳೆಯ ಟಾರ್ಚ್ ತೊಗೊಳ್ಳಿ.

ಹಂತ 3: ಕನ್ಸೆಂಟ್ ಓದಿ

1981ರ ವಾಯು ಕಾಯ್ದೆಯ ಪ್ರಕಾರ ಕಾರ್ಖಾನೆ ಕಟ್ಟಲು ಒಂದು, ನಡೆಸಲು ಒಂದು ಒಪ್ಪಿಗೆ (ಕನ್ಸೆಂಟ್) ಬೇಕು. ಕೊಡುವುದು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಚಿಮಣಿ ಎಷ್ಟು ಎತ್ತರ, ಯಾವ ಯಂತ್ರ, ಎಷ್ಟು ಧೂಳಿನ ಮಿತಿ ಎಲ್ಲ ಅದರಲ್ಲಿ ಇರುತ್ತದೆ. ಮಂಡಳಿ ಈ ಒಪ್ಪಿಗೆಗಳ ರಿಜಿಸ್ಟರ್ ಇಡಬೇಕು, ಬಾಧೆಗೊಳಗಾದ ಯಾರು ಬೇಕಾದರೂ ಅದನ್ನು ನೋಡಬಹುದು ಅಂತ ಅದೇ ಕಾಯ್ದೆಯ 51ನೇ ಕಲಂ ಹೇಳುತ್ತದೆ. ಇದು ವಕೀಲರಿಗೇ ಎಷ್ಟೋ ಸಲ ನೆನಪಿರುವುದಿಲ್ಲ.

ಅಲ್ಲಿನ ಅಂಕಿ ಓದುವಾಗ ಎಡವಬೇಡಿ. ಕಲ್ಲಿದ್ದಲಿನ ಸ್ಪಾಂಜ್ ಐರನ್ ಚಿಮಣಿಗೆ ಧೂಳಿನ ಮಿತಿ ಒಂದು ಘನಮೀಟರಿಗೆ 100 ಮಿಲಿಗ್ರಾಂ. ನಾವು ಉಸಿರಾಡುವ ಗಾಳಿಯಲ್ಲಿ ಪಿಎಂ10 ಎಂಬ ಸಣ್ಣ ಕಣದ ಧೂಳಿಗೆ 24 ಗಂಟೆಯ ಮಿತಿ 100 ಮೈಕ್ರೋಗ್ರಾಂ. ಎರಡೂ ನೂರೇ, ನಡುವೆ ಸಾವಿರ ಪಟ್ಟು ಅಂತರ. ಇವೆರಡನ್ನು ಬೆರೆಸಿ ಬರೆದ ಅರ್ಜಿಯನ್ನು ಕಂಪನಿಯವರು ನಗುತ್ತಾ ತಳ್ಳಿಹಾಕುತ್ತಾರೆ.

ಹಂತ 4: ಒಂದೇ ಪುಟ

ಮಂಡಳಿಯ ನಿಮ್ಮ ಜಿಲ್ಲೆಯ ಪ್ರಾದೇಶಿಕ ಕಚೇರಿ, ಪರಿಸರ ಅಧಿಕಾರಿಯವರಿಗೆ. ಹೀಗೆ ಬರೆದರೆ ಸಾಕು:

‘ಮೇಲ್ಕಂಡ ಕಾರ್ಖಾನೆಯ 2ನೇ ಚಿಮಣಿಯಿಂದ ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ 9 ರಾತ್ರಿ, 1ರಿಂದ 4 ಗಂಟೆಯ ನಡುವೆ, ದಟ್ಟ ಕಪ್ಪು ಹೊಗೆ ಬಂದಿದೆ. ಪಟ್ಟಿ ಲಗತ್ತಿಸಿದೆ. ಅದೇ ಹೊತ್ತಿನಲ್ಲಿ, ಮುನ್ಸೂಚನೆ ಕೊಡದೆ ಸ್ಥಳ ತನಿಖೆ ಮಾಡಬೇಕು. ಇಎಸ್‌ಪಿಯ ವಿದ್ಯುತ್ ಬಳಕೆಯ ದಾಖಲೆ ಪರಿಶೀಲಿಸಬೇಕು. ತಪ್ಪು ಕಂಡರೆ ವಾಯು ಕಾಯ್ದೆಯ 31ಎ ಕಲಂ ಪ್ರಕಾರ ನಿರ್ದೇಶನ ಕೊಡಬೇಕು.’

ಆ 31ಎ ಕಲಂನಲ್ಲಿ ಕಾರ್ಖಾನೆ ಮುಚ್ಚಿಸುವ, ಕರೆಂಟು, ನೀರು ನಿಲ್ಲಿಸುವ ಅಧಿಕಾರ ಇದೆ. ‘ಮಾಲೀಕರನ್ನು ಬಂಧಿಸಿ’ ಅಂತ ಬರೆಯಬೇಡಿ. ಮಿತಿ ಮೀರಿ ಹೊಗೆ ಬಿಟ್ಟಿದ್ದಕ್ಕೆ 2024ರ ಏಪ್ರಿಲ್‌ನಿಂದ ಜೈಲಿನ ಬದಲು ದಂಡ, 10 ಸಾವಿರದಿಂದ 15 ಲಕ್ಷ ರೂಪಾಯಿವರೆಗೆ. ಎಪ್ಪತ್ತು ಸಹಿಯೂ ಬೇಡ. ಫೋನ್ ಮಾಡಿದರೆ ಎತ್ತುವ ಮೂವರು ಸಾಕು. ಕೆಮ್ಮು, ದಮ್ಮಿನ ವಿಷಯ ಇದ್ದರೆ ಆಸ್ಪತ್ರೆ ಚೀಟಿ ಇದ್ದವರದ್ದು ಮಾತ್ರ ಸೇರಿಸಿ.

ಹಂತ 5: ಕೊಡುವುದು

ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಟಪಾಲು ವಿಭಾಗದ ಸೀಲು, ತಾರೀಖು ಹಾಕಿಸಿಕೊಂಡು ಬನ್ನಿ.

ಹಂತ 6: ಉತ್ತರ ಬರದಿದ್ದರೆ

ಒಂದು ತಿಂಗಳು ನೋಡಿ, ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರಬೇಕು. ‘ಯಾಕೆ ಕ್ರಮ ತೊಗೊಂಡಿಲ್ಲ’ ಅಂತ ಕೇಳಬೇಡಿ, ಯಾಕೆ ಎಂಬುದಕ್ಕೆ ದಾಖಲೆ ಇರುವುದಿಲ್ಲ. ‘ನನ್ನ ದೂರಿನ ಮೇಲೆ ಮಾಡಿದ ತನಿಖೆಯ ವರದಿಯ ಪ್ರತಿ ಕೊಡಿ’ ಅಂತ ಕೇಳಿ. ವರದಿಯಲ್ಲಿ ಮೊದಲು ಹುಡುಕಬೇಕಾದ್ದು ತನಿಖೆಯ ಗಂಟೆ. ಹಗಲು ಹನ್ನೊಂದೂವರೆ ಅಂತಿದ್ದರೆ ಎರಡನೇ ಅರ್ಜಿ ತಾನಾಗಿಯೇ ಬರೆಸಿಕೊಳ್ಳುತ್ತದೆ.

ಅದಕ್ಕೂ ಬಗ್ಗದಿದ್ದರೆ ಪರಿಸರದ ಕೇಸು ಕೇಳುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ. ನಮಗೆ ಚೆನ್ನೈನ ದಕ್ಷಿಣ ಪೀಠ. ಪರಿಹಾರ ಕೇಳದ ಅರ್ಜಿಗೆ ಶುಲ್ಕ 1,000 ರೂಪಾಯಿ, ವಕೀಲರಿಲ್ಲದೆಯೂ ಹೋಗಬಹುದು. ಆದರೆ ತಂಟೆ ಮೊದಲು ಎದ್ದ ದಿನದಿಂದ ಆರು ತಿಂಗಳೊಳಗೆ ಹೋಗಬೇಕು. ಆ ದಿನ ಯಾವುದು ಅಂತ ಅಲ್ಲಿ ಕೇಳಿಯೇ ಕೇಳುತ್ತಾರೆ. ನೋಟ್‌ಬುಕ್‌ನ ಮೊದಲ ಪುಟ ತೆರೆದು ತೋರಿಸಿ. ಕೊಟ್ಟು ಬರುವುದು ಜೆರಾಕ್ಸ್ ಮಾತ್ರ, ನೋಟ್‌ಬುಕ್ ನಿಮ್ಮ ಕೈಯಲ್ಲೇ ಇರಲಿ.