ಬೆನಿನ್ ಅರಮನೆಯ ಚಿರತೆಮುಖ ಎರಕ ಹೊಯ್ಯುವುದು ಹೇಗೆ

ನೈಜೀರಿಯಾದ ಬೆನಿನ್ ನಗರದ ದೊರೆಗೆ ಒಬಾ ಎನ್ನುತ್ತಾರೆ. ಚಿರತೆ ಅವನ ಗುರುತು. ಹಿತ್ತಾಳೆಯ ಚಿರತೆಮುಖವನ್ನು ದಂಡನಾಯಕರು ಸೊಂಟಕ್ಕೆ ಕಟ್ಟುತ್ತಿದ್ದರು. ಪ್ರಾಣ ತೆಗೆಯುವ ಅಧಿಕಾರ ಒಬಾನದು, ಅವನೇ ಅದನ್ನು ತಮಗೆ ವಹಿಸಿದ್ದಾನೆ ಎಂದು ಸಾರುವ ಒಡವೆ ಅದು. ಮೇಣದಲ್ಲಿ ಮುಖ ಮಾಡಿ, ಮಣ್ಣು ಮೆತ್ತಿ, ಮೇಣ ಕರಗಿಸಿ ತೆಗೆದು ಆ ಜಾಗಕ್ಕೆ ಹಿತ್ತಾಳೆ ಹೊಯ್ಯುವ ಕೆಲಸ ಇದು. ಆದ್ದರಿಂದ ಮೇಣ ಮುಟ್ಟುವ ಮೊದಲು ಚಿಹ್ನೆಗಳನ್ನು ತೀರ್ಮಾನಿಸಿ. ಚುಕ್ಕೆ, ಎಲೆಯಾಕಾರದ ಕಿವಿ, ಕೋರೆಹಲ್ಲು ಬೇಕೇ ಬೇಕು. ಹುಲಿಪಟ್ಟೆ ಬರೆದರೆ ಅರ್ಥವೇ ಹೋಯಿತು. ಗದ್ದದವರೆಗೆ ಏರುವ ಹವಳದ ಸರಗಳು ಒಬಾನ ತಲೆಯ ಎರಕಗಳಿಗೆ ಸೇರಿದ್ದು, ಇಲ್ಲಿಗೆ ತರಬೇಡಿ.

ಹುಬ್ಬಳ್ಳಿ, ಗದಗಿನ ಎರೆಮಣ್ಣು ಅಚ್ಚಿಗೆ ಆಗದು, ಒಣಗುವಾಗ ಬಿರಿಯುತ್ತದೆ. ಎರಡು ಪಾಲು ಹುತ್ತದ ಮಣ್ಣು, ಒಂದು ಪಾಲು ಸಣ್ಣ ಮರಳು, ಒಂದು ಪಾಲು ಸಗಣಿ ಕಲೆಸಿ ಅಂಗೈಯಗಲದ ಒಳಗಟ್ಟಿ (ಮುಖದ ಒಳಭಾಗ ತುಂಬುವ ಮಣ್ಣಿನ ಗಟ್ಟಿ) ಮಾಡಿ ಪೂರ್ತಿ ಒಣಗಿಸಿ. ಜೇನುಮೇಣಕ್ಕೆ ಕಾಲು ಪಾಲು ರಾಳ ಸೇರಿಸಿ 3 ಮಿ.ಮೀ. ಹಾಳೆ ಮಾಡಿ ಹೊದಿಸಿ. 2 ಮಿ.ಮೀ.ಗಿಂತ ತೆಳುವಾದರೆ ಲೋಹ ಅರ್ಧದಾರಿಯಲ್ಲೇ ಹೆಪ್ಪುಗಟ್ಟಿ ತೂತು ಬೀಳುತ್ತದೆ. ಮೀಸೆ, ಹುಬ್ಬುಗಳಿಗೆ ಮೇಣದ ಎಳೆ ಅಂಟಿಸಿ. ಹೊಯ್ಯುವ ದಾರಿಯ ಜೊತೆಗೆ ಗಾಳಿ ಹೋಗಲು ಎರಡು ಕಡ್ಡಿಗಳನ್ನೂ ಮೇಣದಲ್ಲೇ ಮಾಡಿ.

ಈಗ ತೂಗಿ. ಮೇಣದ ಒಂಬತ್ತರಷ್ಟು ಹಿತ್ತಾಳೆ ಬೇಕು: 50 ಗ್ರಾಂ ಮೇಣಕ್ಕೆ 450 ಗ್ರಾಂ, ನಷ್ಟಕ್ಕೆ ಇನ್ನು 100. ಒಳಗಟ್ಟಿಯ ತೂಕ ಮೊದಲೇ ಬರೆದಿಟ್ಟುಕೊಂಡು ಕಳೆಯಬೇಕು.

ಬಟ್ಟೆಯಲ್ಲಿ ಸೋಸಿದ ಮಣ್ಣನ್ನು ಸಗಣಿನೀರಿನಲ್ಲಿ ಕದಡಿ ಕುಂಚದಿಂದ ಮೂರು ಸಲ ಬಳಿಯಿರಿ. ಪ್ರತಿ ಸಲವೂ ನೆರಳಲ್ಲೇ ಒಣಗಲಿ. ಚುಕ್ಕೆಗಳ ಗೆರೆ ಮೂಡುವುದು ಈ ಪದರದಿಂದಲೇ. ಮೇಲೆ ಭತ್ತದ ಹೊಟ್ಟು ಬೆರೆಸಿದ ಮಣ್ಣು, ಎರಡು ಬೆರಳು ದಪ್ಪ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಈ ಕೆಲಸ ಬೇಡ. ಅಚ್ಚಿನಲ್ಲಿ ಹಸಿ ಉಳಿದರೆ ಹಬೆಯಾಗಿ ಲೋಹವನ್ನು ಮುಖಕ್ಕೇ ಎರಚುತ್ತದೆ.

ಅಚ್ಚಿನ ಬಾಯಿ ಕೆಳಗೆ ಮಾಡಿ, ಕಾಯಿಸಿ ಮೇಣ ಇಳಿಸಿ, ಆಮೇಲೆ ಅಚ್ಚು ಕೆಂಪಗಾಗುವವರೆಗೆ ಸುಡಿ. ಒಡೆದ ಹಿತ್ತಾಳೆ ಕೊಡ, ತಂಬಿಗೆಗಳನ್ನು ಕಲಾಯಿ ಕೆರೆದು ತೆಗೆದ ಮೇಲೆ ಲೋಹ ಕರಗಿಸುವ ಮೂಸೆಗೆ ಹಾಕಬಹುದು. ಬೆನಿನ್‌ನಲ್ಲೂ ಪೋರ್ಚುಗೀಸರು ತಂದ ಹಿತ್ತಾಳೆ ಕಡಗಗಳನ್ನು ಕರಗಿಸುತ್ತಿದ್ದರು. ಸುಮಾರು 1000 ಡಿಗ್ರಿಯಲ್ಲಿ, ಅಚ್ಚು ಬಿಸಿಯಿರುವಾಗಲೇ, ಧಾರೆ ಕಡಿಯದಂತೆ ಹೊಯ್ಯಿರಿ. ಏಳುವ ಬಿಳಿ ಹೊಗೆ ಸತುವಿನದು, ಉಸಿರಿಗೆ ಹೋದರೆ ಜ್ವರ ಬರುತ್ತದೆ. ಬಯಲಲ್ಲಿ ಗಾಳಿಗೆ ಬೆನ್ನು ಮಾಡಿ ನಿಲ್ಲಿ. ಹೆಚ್ಚು ಹೊತ್ತು ಕಾಯಿಸಿದರೆ ಸತು ಹಾರಿಹೋಗುತ್ತದೆ.

ತಾನಾಗಿ ಆರಿದ ಮೇಲೆ ಅಚ್ಚು ಒಡೆದು ಅರ, ಉಳಿಗಳಿಂದ ತಿದ್ದಿ, ಹುಣಸೆಹಣ್ಣಿನಿಂದ ಉಜ್ಜಿ. ಹಳೆಯದರಂತೆ ಕಾಣಲೆಂದು ಕಪ್ಪು ಬಳಿಯಬೇಡಿ. ಬೆನಿನ್ ಅರಮನೆಯಲ್ಲಿ ಇವನ್ನು ಕೆಂಪಗೆ ಹೊಳೆಯುವಂತೆ ಇಡುತ್ತಿದ್ದರು; ನೋಡಿದವರಿಗೆ ಚೆಲುವು, ಭಯ ಎರಡೂ ಹುಟ್ಟಬೇಕಿತ್ತು.