ಮಂಡಿ, ರೀಲಿಂಗ್ ಯೂನಿಟ್, ಡೇರಿಯಲ್ಲಿ ದುಡಿದವರು ಎಂಬಿಎಗೆ ಅರ್ಜಿ ಹಾಕುವುದು ಹೇಗೆ?

ಕೋಲಾರ, ಚಿಂತಾಮಣಿ, ಶಿಡ್ಲಘಟ್ಟದ ಕಡೆ ಡಿಗ್ರಿ ಮುಗಿಸಿ ನಾಲ್ಕೈದು ವರ್ಷ ಟೊಮೆಟೊ ಮಂಡಿಯಲ್ಲೋ, ಗೂಡಿನಿಂದ ನೂಲು ತೆಗೆಯುವ ರೇಷ್ಮೆ ರೀಲಿಂಗ್ ಯೂನಿಟ್‌ನಲ್ಲೋ, ಹಾಲಿನ ಡೇರಿಯಲ್ಲೋ ದುಡಿದವರು ಎಂಬಿಎ ಅಂದ ಕೂಡಲೇ ಅದೆಲ್ಲ ಇಂಜಿನಿಯರಿಂಗ್ ಓದಿ ಐಟಿ ಕಂಪನಿಯಲ್ಲಿ ಇರುವವರಿಗೆ ಅಂತ ಹಿಂದೆ ಸರಿಯುತ್ತಾರೆ. ದಯವಿಟ್ಟು ಸರಿಯಬೇಡಿ. ಐಐಎಂನಂಥ ಮ್ಯಾನೇಜ್‌ಮೆಂಟ್ ಸಂಸ್ಥೆಗಳ ಪ್ರವೇಶ ಪರೀಕ್ಷೆಯಾದ ಕ್ಯಾಟ್ ಬರೆಯಲು ಯಾವುದಾದರೂ ವಿಷಯದಲ್ಲಿ ಶೇ 50 ಅಂಕದ ಪದವಿ ಇದ್ದರೆ ಸಾಕು. ಪರಿಶಿಷ್ಟ ಜಾತಿ, ಪಂಗಡ ಮತ್ತು ಅಂಗವಿಕಲರಿಗೆ ಶೇ 45. ವಯಸ್ಸಿನ ಮಿತಿ ಇಲ್ಲ. ನಮ್ಮ ಕಡೆಯವರ ಅರ್ಜಿ ಸೋಲುವುದು ಬೇರೆ ಕಾರಣಕ್ಕೆ. ದಿನಾ ಹತ್ತಾರು ನಿರ್ಧಾರ ಮಾಡಿರುತ್ತಾರೆ, ಅದರಲ್ಲಿ ಒಂದೂ ಅರ್ಜಿಯಲ್ಲಿ ಕಾಣುವುದಿಲ್ಲ.

ಮೊದಲು ಕೋರ್ಸ್ ಆರಿಸಿ. ಅನುಭವ ಕಡಿಮೆ ಇದ್ದರೆ ಎರಡು ವರ್ಷದ ಎಂಬಿಎ, ಅದಕ್ಕೆ ಕ್ಯಾಟ್. ಡಿಗ್ರಿ ಆದ ಮೇಲೆ ಐದು ವರ್ಷ ದುಡಿದಿದ್ದರೆ ಐಐಎಂ ಬೆಂಗಳೂರಿನಲ್ಲಿ ಅನುಭವಿಗಳಿಗೆಂದೇ ಇರುವ ಒಂದು ವರ್ಷದ ಎಂಬಿಎ, ಇಪಿಜಿಪಿ ನೋಡಿ. ಎರಡು ವರ್ಷ ದಾಟಿದವರಿಗೆ ಹೈದರಾಬಾದ್‌ನ ಬಿಸಿನೆಸ್ ಸ್ಕೂಲ್ ಐಎಸ್‌ಬಿ ಇದೆ. ಇವಕ್ಕೆ ಜಿಮ್ಯಾಟ್ ಅಥವಾ ಜಿಆರ್‌ಇ ಎಂಬ ಪ್ರವೇಶ ಪರೀಕ್ಷೆಯ ಅಂಕ ನಡೆಯುತ್ತದೆ, ಆ ಅಂಕ ಐದು ವರ್ಷ ಚಾಲ್ತಿಯಲ್ಲಿ ಇರುತ್ತದೆ. ನಮ್ಮ ಕಡೆಯವರು ಮರೆಯಲೇಬಾರದ ಮೂರು ಜಾಗ ಇವೆ: ಗ್ರಾಮೀಣ ನಿರ್ವಹಣೆಗೆಂದೇ 1979ರಲ್ಲಿ ಆನಂದ್‌ನಲ್ಲಿ ಶುರುವಾದ ಇರ್ಮಾ, ಹೈದರಾಬಾದ್‌ನ ಕೃಷಿ ನಿರ್ವಹಣಾ ಸಂಸ್ಥೆ ಮ್ಯಾನೇಜ್, ಮತ್ತೆ ಐಐಎಂ ಅಹಮದಾಬಾದ್‌ನ ಆಹಾರ ಮತ್ತು ಕೃಷಿ ವ್ಯವಹಾರದ ಕೋರ್ಸ್. ಅಲ್ಲಿ ಮಂಡಿ ಅಂದರೆ ಏನು ಅಂತ ಯಾರಿಗೂ ವಿವರಿಸಬೇಕಾಗಿಲ್ಲ. ಕೊನೆಯ ಎರಡಕ್ಕೆ ಯಾವ ಡಿಗ್ರಿ ಆಗುತ್ತದೆ ಅನ್ನುವ ನಿಯಮ ಮೊದಲೇ ಓದಿಕೊಳ್ಳಿ, ಕೃಷಿ ಪದವೀಧರರಿಗೆ ಆದ್ಯತೆ ಜಾಸ್ತಿ. ಊರ ಹತ್ತಿರವೇ ಓದಬೇಕು ಅಂದರೆ ರಾಜ್ಯದ ಕಾಲೇಜುಗಳ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಬರೆಯಿರಿ.

ಆಮೇಲೆ ದಾಖಲೆ. ಅಪ್ಪನ ಮಂಡಿಯಲ್ಲಿ ಕೂತವರಿಗೆ ಸ್ಯಾಲರಿ ಸ್ಲಿಪ್ ಎಲ್ಲಿಂದ ಬರಬೇಕು? ಹಾಗಂತ ಮಾವನ ಕಂಪನಿಯ ಲೆಟರ್‌ಹೆಡ್‌ನಲ್ಲಿ ಸುಳ್ಳು ಅನುಭವ ಪತ್ರ ಮಾಡಿಸಬೇಡಿ. ಪರಿಶೀಲನೆಯಲ್ಲಿ ಸಿಕ್ಕಿಬಿದ್ದರೆ ಸಿಕ್ಕಿದ ಸೀಟೂ ಹೋಗುತ್ತದೆ. ಎಪಿಎಂಸಿ ಲೈಸೆನ್ಸ್, ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿ, ಬ್ಯಾಂಕ್ ಸ್ಟೇಟ್‌ಮೆಂಟ್, ಆದಾಯ ತೆರಿಗೆ ರಿಟರ್ನ್ಸ್ ಎಲ್ಲ ಒಂದು ಫೈಲ್‌ಗೆ ಹಾಕಿ. ತಾಜಾ ತರಕಾರಿಗೆ ಜಿಎಸ್‌ಟಿ ಇಲ್ಲದ ಕಾರಣ ಟೊಮೆಟೊ ಮಂಡಿಯವರ ಹತ್ತಿರ ಆ ನಂಬರ್ ಇರದೇ ಇರಬಹುದು, ಕೇಳಿದರೆ ಇದನ್ನೇ ಹೇಳಿ. ನಿಮ್ಮ ಹೆಸರಿನಲ್ಲಿ ಸಂಬಳ ಅಥವಾ ಲಾಭದ ಪಾಲು ಖಾತೆಗೆ ಬರುವ ಹಾಗೆ ಈ ತಿಂಗಳಿಂದಲೇ ಮಾಡಿಕೊಳ್ಳಿ, ರಿಟರ್ನ್ಸ್ ಹಾಕಿ. ಇನ್ನೊಂದು ಮಾತು, ಅನುಭವ ಅಂತ ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದು ಡಿಗ್ರಿ ಆದ ಮೇಲಿನ ಪೂರ್ಣಾವಧಿ ಕೆಲಸ ಮಾತ್ರ. ಕಾಲೇಜಿಗೆ ಹೋಗುತ್ತಾ ಹರಾಜಿನಲ್ಲಿ ನಿಂತದ್ದು ಆ ಲೆಕ್ಕಕ್ಕೆ ಸೇರದು, ಆದರೆ ಅರ್ಜಿಯ ಜೊತೆ ಕೊಡುವ ಪ್ರಬಂಧದಲ್ಲಿ ಬರೆಯಬಹುದು.

ಪ್ರಬಂಧಕ್ಕೆ ಬಂದರೆ, ಎಲ್ಲಕ್ಕಿಂತ ಜಾಸ್ತಿ ಸಮಯ ಇಲ್ಲೇ ಕೊಡಿ. ನನ್ನ ಕೈಗೆ ಬರುವ ಮೊದಲ ಡ್ರಾಫ್ಟ್‌ಗಳು ಹೆಚ್ಚುಕಡಿಮೆ ಹೀಗಿರುತ್ತವೆ: "ಕುಟುಂಬದ ಕೃಷಿ ಉತ್ಪನ್ನ ವ್ಯವಹಾರದಲ್ಲಿ ತೊಡಗಿಸಿಕೊಂಡು ನಾಯಕತ್ವದ ಗುಣಗಳನ್ನು ಬೆಳೆಸಿಕೊಂಡೆ." ಇದನ್ನು ಓದಿದವರಿಗೆ ಏನೂ ಗೊತ್ತಾಗುವುದಿಲ್ಲ. ಹೀಗೆ ಬರೆದ ಒಬ್ಬ ಮಂಡಿ ಹುಡುಗನನ್ನು ಕೂರಿಸಿಕೊಂಡು ಮಳೆಗಾಲದಲ್ಲಿ ಏನಾಯ್ತು ಹೇಳು ಅಂದರೆ ಬೇರೆಯೇ ಕಥೆ ಬರುತ್ತದೆ. ಲಾರಿ ದೆಹಲಿ ಮುಟ್ಟುವಷ್ಟರಲ್ಲಿ ಹಣ್ಣು ಕೊಳೆಯುತ್ತಿತ್ತು, ಖರೀದಿದಾರ ದುಡ್ಡು ಹಿಡಿಯುತ್ತಿದ್ದ. ಇವನು ದೋರೆಗಾಯಿಯನ್ನು ಬೇರೆ ಮಾಡಿಸಿ ದೂರದ ಲಾರಿಗೆ ಹಾಕಿದ, ಪೂರ್ತಿ ಹಣ್ಣಾದದ್ದನ್ನು ಬೆಂಗಳೂರು, ಚೆನ್ನೈಗೆ ಕಳಿಸಿದ. ಆರಿಸಲು ಕೂಲಿ ಜಾಸ್ತಿ ಆಗುತ್ತೆ ಅಂತ ಅಪ್ಪ ಬೈದರು. ಒಂದು ಲಾರಿ ಅಪ್ಪನ ರೀತಿ, ಒಂದು ಲಾರಿ ತನ್ನ ರೀತಿ ಕಳಿಸಿ ಎರಡರ ಲೆಕ್ಕವನ್ನೂ ಚೀಟಿಯಲ್ಲಿ ಬರೆದು ತೋರಿಸಿದ. ಇದನ್ನು ಬರೆಯಿರಿ! 15 ಕೆ.ಜಿ. ಬಾಕ್ಸ್‌ನಲ್ಲಿ ನೂರಕ್ಕೆ ಎಷ್ಟು ವಾಪಸ್ ಬರುತ್ತಿತ್ತು, ಆಮೇಲೆ ಎಷ್ಟಾಯಿತು, ಯಾರು ಬೇಡ ಅಂದರು, ಅವರನ್ನು ಹೇಗೆ ಒಪ್ಪಿಸಿದಿರಿ. ನಾಯಕತ್ವ ಅನ್ನುವ ಪದ ಒಮ್ಮೆಯೂ ಬೇಕಾಗಿಲ್ಲ.

ರೀಲಿಂಗ್ ಮನೆಯವರಾದರೆ ರೆಂಡಿಟ್ಟಾದಿಂದ ಶುರು ಮಾಡಿ. ಒಂದು ಕೆ.ಜಿ. ನೂಲಿಗೆ ಎಷ್ಟು ಕೆ.ಜಿ. ಗೂಡು ಬೇಕು ಅನ್ನುವ ಲೆಕ್ಕ ಅದು, ಓದುವವರಿಗೆ ಒಂದೇ ವಾಕ್ಯದಲ್ಲಿ ವಿವರಿಸಿಬಿಡಿ. ಗೂಡಿನ ಬೆಲೆ ಕೆ.ಜಿ.ಗೆ 500 ರೂಪಾಯಿ ಇದ್ದಾಗ ರೆಂಡಿಟ್ಟಾ 8ರಿಂದ 7ಕ್ಕೆ ಇಳಿದರೆ ಪ್ರತಿ ಕೆ.ಜಿ. ನೂಲಿಗೆ 500 ರೂಪಾಯಿ ಉಳಿತಾಯ. ಹಾಗಿರುವಾಗ ಹರಾಜಿನಲ್ಲಿ ಒಳ್ಳೆಯ ಗೂಡಿಗೆ ಎಷ್ಟು ಜಾಸ್ತಿ ಕೂಗಬಹುದು ಅಂತ ನೀವು ಹೇಗೆ ತೀರ್ಮಾನಿಸುತ್ತಿದ್ದಿರಿ? ಆ ತೀರ್ಮಾನವೇ ನಿಮ್ಮ ಪ್ರಬಂಧ.

ಶಿಫಾರಸು ಪತ್ರ ಕೇಳುವ ಕಾಲೇಜಿಗೆ ಅಪ್ಪ, ಚಿಕ್ಕಪ್ಪ ಬರೆದುಕೊಟ್ಟರೆ ನಡೆಯದು. ವರ್ಷಗಳಿಂದ ನಿಮ್ಮ ಹತ್ತಿರ ಮಾಲು ಕೊಳ್ಳುವ ಹೊರಗಿನ ವ್ಯಾಪಾರಿ, ಸಾಲ ಕೊಟ್ಟ ಬ್ಯಾಂಕ್ ಮ್ಯಾನೇಜರ್, ಕೃಷಿ ವಿಜ್ಞಾನ ಕೇಂದ್ರದ ವಿಜ್ಞಾನಿ, ಇಂಥವರನ್ನು ಕೇಳಿ. ನೀವು ಮಾತು ಉಳಿಸಿಕೊಂಡ ಒಂದು ಸಂದರ್ಭ ಅವರಿಗೆ ನೆನಪಿದ್ದರೆ ಸಾಕು.

ಪರೀಕ್ಷೆಯನ್ನು ಮಾತ್ರ ಹಗುರಾಗಿ ತೆಗೆದುಕೊಳ್ಳಬೇಡಿ. ಕ್ಯಾಟ್ ಸಾಮಾನ್ಯವಾಗಿ ನವೆಂಬರ್ ಕೊನೆಯ ಭಾನುವಾರ, ಅರ್ಜಿ ಆಗಸ್ಟ್‌ನಲ್ಲಿ ಶುರು. ಮೂರು ಭಾಗ, ಒಂದೊಂದಕ್ಕೆ 40 ನಿಮಿಷ. ಸರಿ ಉತ್ತರಕ್ಕೆ 3 ಅಂಕ, ಆಯ್ಕೆಯ ಪ್ರಶ್ನೆ ತಪ್ಪಾದರೆ 1 ಕಡಿತ. ಉತ್ತರ ಟೈಪ್ ಮಾಡುವ ಪ್ರಶ್ನೆಗೆ ಕಡಿತ ಇಲ್ಲ, ಅದನ್ನು ಖಾಲಿ ಬಿಡಬೇಡಿ. ಬಿಎ, ಬಿಕಾಂ ಓದಿದವರಿಗೆ ಲೆಕ್ಕದ ಭಯ ಇರುತ್ತದೆ, ಆದರೆ ಬಹುಪಾಲು ಹೈಸ್ಕೂಲ್ ಗಣಿತವೇ. ಲೆಕ್ಕದಲ್ಲಿ ಒಳ್ಳೆಯ ಅಂಕ ಬಂದರೆ "ಇವರು ಕ್ಲಾಸಿನಲ್ಲಿ ನಿಭಾಯಿಸುತ್ತಾರಾ" ಅನ್ನುವ ಅನುಮಾನ ಅಲ್ಲೇ ಮುಗಿಯುತ್ತದೆ. ಹತ್ತನೇ ತರಗತಿ, ಪಿಯುಸಿ ಅಂಕಗಳಿಗೆ ಎಷ್ಟು ತೂಕ ಅನ್ನುವುದು ಕಾಲೇಜಿನಿಂದ ಕಾಲೇಜಿಗೆ ಬೇರೆ. ಪಿಯುಸಿಯಲ್ಲಿ ಕಡಿಮೆ ಇದ್ದರೆ ಅದಕ್ಕೆ ಕಡಿಮೆ ತೂಕ ಕೊಡುವ ಐಐಎಂಗಳನ್ನು ಮೊದಲೇ ಹುಡುಕಿಟ್ಟುಕೊಳ್ಳಿ.

ಸಂದರ್ಶನದಲ್ಲಿ "ಅಪ್ಪನ ವ್ಯಾಪಾರ ಇರುವಾಗ ಎಂಬಿಎ ಯಾಕೆ" ಅಂತ ಕೇಳೇ ಕೇಳುತ್ತಾರೆ. ಈಗಿನ ವ್ಯಾಪಾರದಲ್ಲಿ ನಿಮ್ಮ ಕೈಲಿ ಬಿಡಿಸಲಾಗದ ಒಂದು ಸಮಸ್ಯೆ ಹೇಳಿ, ಅದಕ್ಕೆ ಏನು ಕಲಿಯಬೇಕು ಅಂತ ಹೇಳಿ. ಊರಿನ ಬಗ್ಗೆಯೂ ಕೇಳುತ್ತಾರೆ. 2023ರ ಜುಲೈನಲ್ಲಿ ಟೊಮೆಟೊ ಬಾಕ್ಸ್ 2000 ರೂಪಾಯಿ ದಾಟಿದ್ದು ಯಾಕೆ, 2001ರಲ್ಲಿ ಕೆಜಿಎಫ್ ಗಣಿ ಮುಚ್ಚಿದ ಮೇಲೆ ಅಲ್ಲಿನ ಜನ ಏನು ಮಾಡಿದರು, ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ಕಳಿಸುವ ಕೆ.ಸಿ. ವ್ಯಾಲಿ ನೀರು ಕೆರೆಗೆ ಬಂದ ಮೇಲೆ ಬೋರ್‌ವೆಲ್ ಹೇಗಿದೆ, ಆ ನೀರಿಗೆ ಮೂರನೇ ಹಂತದ ಶುದ್ಧೀಕರಣ ಬೇಕು ಅಂತ ರೈತರು ಯಾಕೆ ಕೇಳುತ್ತಿದ್ದಾರೆ. ಇಂಗ್ಲಿಷ್‌ನಲ್ಲಿ ಇವನ್ನು ಜೋರಾಗಿ ಮಾತಾಡಿ ಅಭ್ಯಾಸ ಮಾಡಿ. ವ್ಯಾಕರಣ ಸ್ವಲ್ಪ ತಪ್ಪಿದರೂ ಪರವಾಗಿಲ್ಲ, ತಡವರಿಸದೆ ವಿಷಯ ಹೇಳಬೇಕು.

ದುಡ್ಡಿನ ಚಿಂತೆಗೆ ಅರ್ಜಿಯನ್ನೇ ಕೈಬಿಡಬೇಡಿ. ದೊಡ್ಡ ಐಐಎಂಗಳ ಶುಲ್ಕ 20 ಲಕ್ಷ ದಾಟುತ್ತದೆ, ನಿಜ. 2024ರ ನವೆಂಬರ್‌ನಲ್ಲಿ ಕೇಂದ್ರ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಪಟ್ಟಿಯಲ್ಲಿರುವ ಸಂಸ್ಥೆಗಳಿಗೆ ಅಡಮಾನ, ಜಾಮೀನು ಇಲ್ಲದೆ ಶಿಕ್ಷಣ ಸಾಲ ಸಿಗುತ್ತದೆ. ಸೀಟು ಸಿಕ್ಕಿದ ಪತ್ರ ಕೈಗೆ ಬಂದ ಕೂಡಲೇ ಅದರ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಜಮೀನಿನ ಪಹಣಿ ಹಿಡಿದುಕೊಂಡು ಬಡ್ಡಿಯವರ ಬಾಗಿಲಿಗೆ ಹೋಗಬೇಡಿ.